ತೆನೆಹಬ್ಬದ ಮಂಗಳೂರು

ಪ್ರವಾಸವೆಂದರೆ ಹೊಸ ಊರುಗಳನ್ನು ನೋಡಿ ಬರುವುದೆಂದೇ ಬಹು ಮಂದಿ ಎಣಿಸುವರು. ಆದರೆ ತಾನು ಚೆನ್ನಾಗಿ ಬಲ್ಲೆನೆಂದುಕೊಂಡಿದ್ದ ಸಂಗತಿಯನ್ನು ಹತ್ತಿರ ಹೋಗಿ ನೋಡಿ, ಇಷ್ಟು ಕಾಲ ತಾನು ಬಲ್ಲುದು ಅದರ ನೆರಳನ್ನು ಮಾತ್ರವೆಂದು ತಿಳಿದು ಬರುವುದೂ ಪ್ರವಾಸವೇ ಸರಿ. ಕಳೆದ ಸಪ್ಟೆಂಬರ್ ತಿಂಗಳಲ್ಲಿ ನಾವು ಮೈಸೂರಿನಿಂದ ಮಂಗಳೂರಿಗೆ ಹೋಗಿ ಬಂದ ವೃತ್ತಾಂತವನ್ನು ವಾಚಕರ ಮುಂದಿಡುವುದಕ್ಕೆ ಇದೇ ಕಾರಣವು.

ನಮ್ಮ ನೆರೆಮನೆಯ ಮಾಸ್ತರರು ಧಾರವಾಡದ ಕಡೆಯವರು. ಬಾಸೆಲ್ ಮಿಶನ್ನಿನ ಪರಂಪರೆಯ ಪ್ರಾಟೆಸ್ಟೆಂಟ್ ಸಭೆಯಲ್ಲಿ ಹುಟ್ಟಿ ಬೆಳೆದವರು. ನಾವಾದರೋ ಕಥೋಲಿಕರು. ಮೂವತ್ತು ವರ್ಷಗಳಿಂದ ಒಂದೇ ಬೀದಿಯಲ್ಲಿದ್ದು, ಕ್ರಿಸ್ತಜಯಂತಿಗೆ ತಿಂಡಿಯ ತಟ್ಟೆಗಳನ್ನು ಬದಲಾಯಿಸಿಕೊಳ್ಳುತ್ತ ಬಂದವರು. ಧರ್ಮದ ಮಾತು ಬಂದಿತೆಂದರೆ ಮಾತ್ರ ಉಭಯತರೂ ಮೆಲ್ಲಗೆ ಮಳೆಬೆಳೆಯ ಕಡೆಗೆ ಹೊರಳುತ್ತಿದ್ದೆವು. ಹನ್ನೊಂದು ವರ್ಷಗಳ ಹಿಂದೆ ಮಾಸ್ತರರ ಒಬ್ಬಳೇ ಮಗಳು ಮಂಗಳೂರಿನ ಕಥೋಲಿಕ ಮನೆತನವೊಂದರ ಹುಡುಗನ ಕೈಹಿಡಿದಳು. ಮಾಸ್ತರರು ಮದುವೆಗೆ ಹೋದರು, ಹರಸಿದರು. ಆದರೆ ಆ ಮೇಲೆ ಒಂದು ಹಬ್ಬಕ್ಕಾದರೂ ಬೀಗರ ಮನೆಯ ಹೊಸ್ತಿಲನ್ನು ತುಳಿದವರಲ್ಲ. ಪ್ರತಿಮೆಗಳಿಗೆ ಕೈಮುಗಿಯುವ ಮನೆಯಲ್ಲಿ ಹಬ್ಬದೂಟ ತಮ್ಮ ಗಂಟಲಲ್ಲಿ ಇಳಿಯಲಾರದೆಂಬುದು ಅವರ ಮಾತು. ಪತ್ನಿ ತೀರಿಕೊಂಡ ಮೇಲೆ ಆ ಮಾತು ಇನ್ನಷ್ಟು ಗಟ್ಟಿಯಾಯಿತೇ ಹೊರತು ಸಡಿಲವಾಗಲಿಲ್ಲ.

ಹೀಗಿರಲು ಒಂದು ದಿನ ಬೆಳಿಗ್ಗೆ ಅವರು ಕಾಗದವೊಂದನ್ನು ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು. ಒಂಬತ್ತು ವರ್ಷದ ಮೊಮ್ಮಗನು ಬರೆದ ಕಾಗದವದು. ಈ ಸಲ ತೆನೆಹಬ್ಬಕ್ಕೆ ಬರಲೇಬೇಕು, ತನ್ನ ಜೊತೆಯ ಹುಡುಗರಿಗೆಲ್ಲ ಅಜ್ಜಂದಿರು ಇಬ್ಬಿಬ್ಬರು, ತನಗೆ ಉಳಿದಿರುವುದು ಒಬ್ಬನೇ, ಆತನೂ ಬಾರದಿದ್ದರೆ ಹೇಗೆ ಎಂಬುದೇ ಅದರ ಸಾರಾಂಶ. ಮಾಸ್ತರರು ಕನ್ನಡಕವನ್ನು ಒರೆಸಿಕೊಳ್ಳುತ್ತ, “ನೀವು ಜೊತೆಗೆ ಬರುವುದಾದರೆ ಹೋಗುತ್ತೇನೆ. ಆದರೆ ನನ್ನ ಸಂಶಯಗಳನ್ನು ಕೇಳುತ್ತೇನೆ. ನೀವು ದಾಕ್ಷಿಣ್ಯವಿಲ್ಲದೆ ಉತ್ತರ ಹೇಳಬೇಕು. ಮನಸ್ಸಿನಲ್ಲಿ ಕಲ್ಲಿಟ್ಟುಕೊಂಡು ಮಗುವಿನ ಮುಂದೆ ನಗುವುದು ನನ್ನಿಂದಾಗದು” ಎಂದರು. ಒಪ್ಪಿದೆವು. ನಮ್ಮ ಮನೆಯವರೂ ಹೊರಟರು.

ಮಡಿಕೇರಿಯಿಂದ ಸಂಪಾಜೆಯ ಘಟ್ಟವನ್ನಿಳಿಯುವಾಗ ಮಳೆಯು ಇನ್ನೂ ಬಿಟ್ಟಿರಲಿಲ್ಲ. ತಿರುವು ತಿರುವಿಗೂ ಝರಿಗಳು ರಸ್ತೆಯ ಮೇಲೆಯೇ ಹರಿಯುತ್ತಿದ್ದುವು. ಸುಳ್ಯ, ಪುತ್ತೂರುಗಳನ್ನು ದಾಟಿ ಬಂಟ್ವಾಳದ ಬಳಿಗೆ ಬರುವಷ್ಟರಲ್ಲಿ ಮೋಡ ಹರಿದು ಗದ್ದೆಗಳ ಮೇಲೆ ಎಳೆಬಿಸಿಲು ಬಿದ್ದಿತು. ಮುಂದೆ ನೇತ್ರಾವತಿಯ ತೀರದಲ್ಲಿ ಫರಂಗಿಪೇಟೆ ಎಂಬ ಸಣ್ಣ ಪೇಟೆ ಸಿಗುವುದು. ಅಲ್ಲಿಯ ಗುಡ್ಡಕ್ಕೆ ಮೊಂತೆ ಮಾರಿಯಾನೊ, ಅಂದರೆ ಮರಿಯಮ್ಮನವರ ಬೆಟ್ಟ, ಎಂದು ಹೆಸರು. ಮಂಗಳೂರ ಸೀಮೆಯ ಕಥೋಲಿಕರು ಸಪ್ಟೆಂಬರ್ 8ರಂದು ಆಚರಿಸುವ ಮೊಂತಿ ಹಬ್ಬವು 1763ರಲ್ಲಿ ಜೋಕಿಂ ಮಿರಾಂದಾ ಎಂಬ ಗೋವೆಯ ಪಾದ್ರಿಗಳಿಂದ ಇಲ್ಲಿಯೇ ಆರಂಭವಾಯಿತೆಂದು ಹೇಳುವರು. ಅದು ಮರಿಯಮ್ಮನವರ ಹುಟ್ಟುಹಬ್ಬ. ಅದೇ ದಿನ ಹೊಸ ಬತ್ತದ ತೆನೆಗಳನ್ನು ದೇವಾಲಯದಲ್ಲಿ ಆಶೀರ್ವದಿಸಿ ಮನೆಮನೆಗೆ ಹಂಚುವುದರಿಂದ ಕನ್ನಡದಲ್ಲಿ ತೆನೆಹಬ್ಬವೆಂಬ ಹೆಸರು ಬಂದಿರುವುದು.

ಮಗಳ ಮನೆ ಹತ್ತಿರವಿದ್ದರೂ ಮಾಸ್ತರರು ಹಂಪನಕಟ್ಟೆಯ ವಸತಿಗೃಹವೊಂದರಲ್ಲಿಯೇ ಇಳಿಯಬೇಕೆಂದು ಹಟ ಹಿಡಿದರು. “ಹಬ್ಬ ಎಂಟಕ್ಕೆ. ಏಳನೆಯ ತಾರೀಖಿನ ಹಗಲು ನನ್ನದು. ಸಂಜೆಗೆ ನಿರ್ಧರಿಸುತ್ತೇನೆ” ಎಂದರು. ಅವರ ಅಂಗಿಯ ಜೇಬಿನಲ್ಲಿ ಪುಟ್ಟದೊಂದು ಟಿಪ್ಪಣಿಯ ಪುಸ್ತಕವಿತ್ತು. ಅದರಲ್ಲಿ ಐದು ಪ್ರಶ್ನೆಗಳಿದ್ದುವೆಂಬುದು ನಮಗೆ ಮರುದಿನ ತಿಳಿಯಿತು.

ಬೆಳಿಗ್ಗೆ ಮೊದಲು ಹೋದುದು ಬಲ್ಮಠಕ್ಕೆ. ಆ ಯಾತ್ರೆ ಮಾಸ್ತರರದು. 1834ರಲ್ಲಿ ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿನಲ್ಲಿ ಬಂದಿಳಿದ ಕಥೆಯನ್ನು ಅವರು ತಮ್ಮ ಮನೆಯ ಹಿರಿಯರ ಕಥೆಯಂತೆ ಹೇಳಿದರು. 1862ರಲ್ಲಿ ಕಟ್ಟಿದ ಶಾಂತಿ ದೇವಾಲಯದ ಬೆಂಚಿನಲ್ಲಿ ಕುಳಿತು ಕಣ್ಮುಚ್ಚಿ ಪ್ರಾರ್ಥಿಸಿದರು. ಬಿಳಿಯ ಗೋಡೆ, ಶಿಲುಬೆ, ಸತ್ಯವೇದ, ಬೋಧನಪೀಠ ಇಷ್ಟೇ. ಆ ಸರಳತೆಯಲ್ಲಿ ಒಂದು ಗಾಂಭೀರ್ಯವಿರುವುದನ್ನು ನಾವೂ ಮನಸಾರೆ ಒಪ್ಪಿದೆವು. 1843ರ ಜುಲೈ 1ರಂದು ಮೋಗ್ಲಿಂಗರು ಹೊರಡಿಸಿದ ಮಂಗಳೂರ ಸಮಾಚಾರವೇ ಕನ್ನಡದ ಮೊದಲ ವೃತ್ತಪತ್ರಿಕೆ. ಸುಮಾರು 70,000 ಶಬ್ದಗಳ ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದುದೂ ಈ ಊರಿನಲ್ಲಿಯೇ. ಕನ್ನಡವನ್ನೋದುವ ಯಾರೇ ಆಗಲಿ, ಯಾವ ಮತದವರೇ ಆಗಲಿ, ಈ ಜನರಿಗೆ ಋಣಿಗಳು. ತನ್ನ ನಂಬಿಕೆಯನ್ನು ಸಮರ್ಥಿಸಿಕೊಳ್ಳುವವನು ಎದುರಿನವರ ಹಿರಿಮೆಯನ್ನು ಮುಚ್ಚಿಡಬೇಕಾಗಿಲ್ಲವಷ್ಟೆ.

ಬಲ್ಮಠದಿಂದ ಬಾವುಟಗುಡ್ಡೆಗೆ ದೂರವೇನಿಲ್ಲ. ಯೇಸುಸಭೆಯ ಇಟಲಿಯ ಗುರುಗಳು 1878ರ ಕೊನೆಯಲ್ಲಿ ಮಂಗಳೂರಿಗೆ ಬಂದು 1880ರಲ್ಲಿ ಆರಂಭಿಸಿದ ಸಂತ ಅಲೋಶಿಯಸರ ಕಾಲೇಜು ಅಲ್ಲಿರುವುದು. ಅದರ ಪ್ರಾರ್ಥನಾಲಯವನ್ನು ನೋಡಲು ದೇಶದ ನಾನಾ ಕಡೆಗಳಿಂದ ಜನರು ಬರುವರು. ಹೊರಗೆ ನೋಡಿದರೆ ಸಾಧಾರಣ ಕಟ್ಟಡ. ಒಳಗೆ ಕಾಲಿಟ್ಟೊಡನೆ ಕಣ್ಣು ಮೇಲಕ್ಕೆ ಹೋಗಿ ಅಲ್ಲಿಯೇ ನಿಲ್ಲುವುದು. ಗೋಡೆ, ಕಮಾನು, ಛಾವಣಿ ಎಲ್ಲಿಯೂ ಬರಿದಾದ ಒಂದು ಗೇಣು ಕಾಣದು. ಬೆರ್ಗಾಮೊ ಪಟ್ಟಣದ ಸಮೀಪದಲ್ಲಿ 1854ರಲ್ಲಿ ಹುಟ್ಟಿದ ಅಂತೋನಿಯೊ ಮೊಸ್ಕೇನಿ ಎಂಬ ಯೇಸುಸಭೆಯ ಸಹೋದರರು 1899ರಲ್ಲಿ ಈ ಕೆಲಸಕ್ಕೆ ತೊಡಗಿದರು. ಅವರು 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ನಮ್ಮ ಕರಾವಳಿಯ ಬೆವರಿನಲ್ಲಿ ಮೇಲಟ್ಟಣೆ ಹತ್ತಿ ನಿಂತು ಚಿತ್ರ ಬರೆದ ಆ ಮಹಾನುಭಾವರು ತಮ್ಮ ಊರಿಗೆ ಮರಳಲೇ ಇಲ್ಲ.

ಮಾಸ್ತರರು ಬಹಳ ಹೊತ್ತು ಮೇಲೆ ನೋಡಿದರು. ಆಮೇಲೆ ಪುಸ್ತಕವನ್ನು ತೆಗೆದರು. “ಮೊದಲನೆಯದು. ಚಿತ್ರಗಳು ಚೆನ್ನಾಗಿವೆ, ಇಲ್ಲವೆನ್ನೆ. ಆದರೆ ಹತ್ತು ಆಜ್ಞೆಗಳಲ್ಲಿ ವಿಗ್ರಹವನ್ನು ಮಾಡಿ ಅಡ್ಡಬೀಳಬಾರದೆಂದಿಲ್ಲವೇ?”

ಇದೆ. ವಿಗ್ರಹವನ್ನು ದೇವರೆಂದು ಪೂಜಿಸುವುದು ಮಹಾಪಾಪವೆಂಬುದು ಕಥೋಲಿಕರ ಬೋಧನೆಯೂ ಹೌದು. ಆದರೆ ಅದೇ ವಿಮೋಚನಕಾಂಡದಲ್ಲಿ, ಆಜ್ಞೆಗಳ ತರುವಾಯದ ಅಧ್ಯಾಯಗಳಲ್ಲಿ, ಒಡಂಬಡಿಕೆಯ ಮಂಜೂಷದ ಮೇಲೆ ಬಂಗಾರದ ಕೆರೂಬಿಗಳನ್ನು ಮಾಡಿಸಬೇಕೆಂದು ದೇವರೇ ಮೋಶೆಗೆ ಅಪ್ಪಣೆ ಮಾಡುತ್ತಾನೆ. ಅರಣ್ಯಕಾಂಡದಲ್ಲಿ ತಾಮ್ರದ ಸರ್ಪವನ್ನು ಮಾಡಿಸುತ್ತಾನೆ. ಆದುದರಿಂದ ನಿಷಿದ್ಧವಾದುದು ಆಕಾರವಲ್ಲ, ಆಕಾರಕ್ಕೆ ಸಲ್ಲಿಸುವ ಆರಾಧನೆ. 787ರಲ್ಲಿ ನಿಕೇಯ ಪಟ್ಟಣದಲ್ಲಿ ನೆರೆದ ಮಹಾಸಭೆಯು ದೇವರೊಬ್ಬನಿಗೇ ಸಲ್ಲುವ ಆರಾಧನೆಯನ್ನೂ ಪ್ರತಿಮೆಗಳಿಗೆ ತೋರುವ ಗೌರವವನ್ನೂ ಸ್ಪಷ್ಟವಾಗಿ ಬೇರ್ಪಡಿಸಿತು. 1563ರಲ್ಲಿ ತ್ರೆಂತಿನ ಮಹಾಸಭೆಯು ಪ್ರತಿಮೆಯಲ್ಲಿ ದೈವತ್ವವಾಗಲಿ ಶಕ್ತಿಯಾಗಲಿ ಇದೆಯೆಂದು ನಂಬಕೂಡದು, ತೋರುವ ಗೌರವವೆಲ್ಲ ಅದು ಯಾರ ರೂಪವೋ ಅವರಿಗೇ ಸೇರತಕ್ಕದ್ದೆಂದು ವಿಧಿಸಿತು.

ಕನ್ನಡಿಗರಿಗೆ ಇದನ್ನು ವಿವರಿಸುವುದು ಕಷ್ಟವಾಗಬಾರದು. ನಾವು ದೇವರಿಗೂ ನಮಸ್ಕಾರವೆನ್ನುತ್ತೇವೆ, ಗುರುವಿಗೂ ನಮಸ್ಕಾರವೆನ್ನುತ್ತೇವೆ, ಬೀದಿಯಲ್ಲಿ ಸಿಕ್ಕ ನೆರೆಯವರಿಗೂ ನಮಸ್ಕಾರವೆನ್ನುತ್ತೇವೆ. ಶಬ್ದವೊಂದೇ, ಜೋಡಿಸುವ ಕೈಗಳೂ ಅವೇ. ಆದರೂ ನೆರೆಯವರನ್ನು ದೇವರೆಂದು ಭ್ರಮಿಸಿದವರುಂಟೆ? ಮಾಸ್ತರರ ಮನೆಯ ನಡುಗೋಣೆಯಲ್ಲಿ ಅವರ ಪತ್ನಿಯ ಭಾವಚಿತ್ರವಿದೆ. ಅದಕ್ಕೆ ವರ್ಷವರ್ಷವೂ ಹೂಮಾಲೆ ಬೀಳುವುದನ್ನು ನಾವು ಬಲ್ಲೆವು. ಅದನ್ನು ಬಾಯಿಬಿಟ್ಟು ಹೇಳಲು ಮನಸ್ಸಾಗದೆ ಸುಮ್ಮನಾದೆವು. ಅವರೇ ಸ್ವಲ್ಪ ಹೊತ್ತಿನ ಮೇಲೆ, “ಮನೆಯಲ್ಲಿರುವ ಪಟದ ನೆನಪಾಯಿತು” ಎಂದರು.

ಆದರೆ ಅವರು ಸುಲಭವಾಗಿ ಬಿಡುವವರಲ್ಲ. “ಆ ತಾಮ್ರದ ಸರ್ಪಕ್ಕೆ ಜನರು ಧೂಪ ಹಾಕತೊಡಗಿದಾಗ ಹಿಜ್ಕೀಯ ಅರಸನು ಅದನ್ನು ಒಡೆದುಹಾಕಿದನಲ್ಲ?” ಎಂದರು. ಈ ಮಾತು ನ್ಯಾಯವಾದುದು. ಸಾಧನವೇ ಸಾಧ್ಯವಾಗಿ ಕುಳಿತಾಗ ಅದನ್ನು ತಿದ್ದಲೇಬೇಕು. ಮೂಢಭಕ್ತಿಯನ್ನು ತೆಗೆದುಹಾಕಬೇಕೆಂದು ತ್ರೆಂತಿನ ಸಭೆಯೇ ಧರ್ಮಾಧ್ಯಕ್ಷರಿಗೆ ಆಜ್ಞಾಪಿಸಿತ್ತು. ನಮ್ಮವರಲ್ಲಿ ಅರ್ಥವರಿಯದೆ ನಡೆದುಕೊಳ್ಳುವವರಿಲ್ಲವೆಂದು ನಾವು ಹೇಳಲಾರೆವು. ಒಬ್ಬನ ತಪ್ಪುನಡತೆಯನ್ನು ಸಭೆಯ ಬೋಧನೆಯೆಂದು ಎಣಿಸಬಾರದೆಂಬುದೊಂದೇ ನಮ್ಮ ಕೋರಿಕೆ.

ಛಾವಣಿಯ ಚಿತ್ರಗಳು ಸಂತ ಅಲೋಶಿಯಸ್ ಗೊನ್ಜಾಗರ ಚರಿತ್ರೆಯನ್ನು ಹೇಳುತ್ತವೆ. 1568ರಲ್ಲಿ ಅರಸುಮನೆತನದಲ್ಲಿ ಹುಟ್ಟಿ, ಸಿರಿಯನ್ನು ಬಿಟ್ಟು, 1591ರಲ್ಲಿ ರೋಮಾಪುರದಲ್ಲಿ ಸಾಂಕ್ರಾಮಿಕ ರೋಗಿಗಳ ಶುಶ್ರೂಷೆ ಮಾಡುತ್ತ ಅದೇ ರೋಗದಿಂದ 23ನೆಯ ವಯಸ್ಸಿನಲ್ಲಿ ಸತ್ತ ತರುಣರವರು. ಅದನ್ನು ನೋಡಿ ಮಾಸ್ತರರು ಎರಡನೆಯ ಪ್ರಶ್ನೆಗೆ ಬಂದರು. ಮನುಷ್ಯನು ಪುಣ್ಯಕಾರ್ಯಗಳಿಂದ ಮೋಕ್ಷವನ್ನು ಕೊಂಡುಕೊಳ್ಳಬಹುದೆಂದು ಕಥೋಲಿಕರು ಬೋಧಿಸುವರಲ್ಲವೆ, ವಿಶ್ವಾಸದಿಂದಲೇ ರಕ್ಷಣೆಯೆಂಬ ಮಾತೇನಾಯಿತು ಎಂಬುದು ಆ ಪ್ರಶ್ನೆ. ಇದಕ್ಕೆ ಉತ್ತರವನ್ನು ಅಲ್ಲಿ ಹೇಳದೆ, ಅವರನ್ನು ಆಟೋರಿಕ್ಷಾದಲ್ಲಿ ಕಂಕನಾಡಿಗೆ ಕರೆದುಕೊಂಡು ಹೋದೆವು.

ಅಲ್ಲಿ ಫಾದರ್ ಮುಲ್ಲರರ ಆಸ್ಪತ್ರೆಯಿದೆ. ಜರ್ಮನಿಯಲ್ಲಿ ಹುಟ್ಟಿದ ಅಗಸ್ಟಸ್ ಮುಲ್ಲರ್ ಎಂಬ ಯೇಸುಸಭೆಯ ಗುರುಗಳು 1880ರಲ್ಲಿ ಬಡವರಿಗೆ ಹೋಮಿಯೋಪತಿಯ ಔಷಧಗಳನ್ನು ಕೊಡುವುದರಿಂದ ತೊಡಗಿ, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವೊಂದನ್ನು ಕಟ್ಟಿದರು. ಬೀದಿಗೆ ಬಿದ್ದವರನ್ನು ಒಳಗೆ ಕರೆದು ಗಾಯ ತೊಳೆದ ಜಾಗವದು. ಈಗ ಅದು ದೊಡ್ಡ ವೈದ್ಯಕೀಯ ಸಂಸ್ಥೆಯಾಗಿ ಬೆಳೆದಿರುವುದು. ಅದರ ಅಂಗಳದಲ್ಲಿ ನಿಂತು ನಾವು ಹೇಳಿದುದಿಷ್ಟೆ: ಈ ಗುರುಗಳು ಹುಣ್ಣು ತೊಳೆದುದು ದೇವರ ಕೃಪೆಯನ್ನು ಕೊಂಡುಕೊಳ್ಳುವುದಕ್ಕಲ್ಲ, ದೊರೆತ ಕೃಪೆಯು ಅವರನ್ನು ಸುಮ್ಮನೆ ಕುಳ್ಳಿರಗೊಡಲಿಲ್ಲ. ಮನುಷ್ಯನು ಕೃಪೆಯಿಲ್ಲದೆ ತನ್ನ ಕಾರ್ಯಗಳಿಂದಲೇ ನೀತಿವಂತನಾಗಬಲ್ಲನೆಂದು ಹೇಳುವವರನ್ನು ತ್ರೆಂತಿನ ಸಭೆಯು 1547ರಲ್ಲಿಯೇ ಖಂಡಿಸಿತು. ಈ ವಿಷಯದ ಜಗಳವನ್ನು ಮುಂದುವರಿಸುವವರು 1999ರ ಅಕ್ಟೋಬರ್ 31ರಂದು ನಡೆದುದನ್ನು ಅರಿತಿರಬೇಕು. ಅಂದು ಜರ್ಮನಿಯ ಔಗ್ಸ್‌ಬರ್ಗ್ ಪಟ್ಟಣದಲ್ಲಿ ಲೂಥರನ್ ಸಭೆಗಳ ವಿಶ್ವಒಕ್ಕೂಟದವರೂ ಕಥೋಲಿಕ ಸಭೆಯವರೂ ಜಂಟಿ ಹೇಳಿಕೆಯೊಂದಕ್ಕೆ ಸಹಿ ಹಾಕಿದರು. ನಮ್ಮ ಯೋಗ್ಯತೆಯಿಂದಲ್ಲ, ಕ್ರಿಸ್ತನಲ್ಲಿಟ್ಟ ವಿಶ್ವಾಸದಲ್ಲಿ ಕೃಪೆಯಿಂದಲೇ ದೇವರು ನಮ್ಮನ್ನು ಸ್ವೀಕರಿಸುತ್ತಾನೆ, ಆ ಕೃಪೆಯೇ ಸತ್ಕಾರ್ಯಗಳಿಗೆ ನಮ್ಮನ್ನು ಸಿದ್ಧಗೊಳಿಸುತ್ತದೆ ಎಂಬುದು ಅದರ ತಿರುಳು. ಆಮೇಲೆ 2006ರಲ್ಲಿ ಮೆಥಡಿಸ್ಟರೂ 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟದವರೂ ಅದಕ್ಕೆ ಕೂಡಿಕೊಂಡರು. ಎಲ್ಲ ಭೇದಗಳೂ ಅಂದು ಅಳಿದುವೆಂದಲ್ಲ. ಆದರೆ ಬೇರಿನಲ್ಲಿದ್ದ ಜಗಳವು ತೀರಿತೆಂದು ಧಾರಾಳವಾಗಿ ಹೇಳಬಹುದು. ಮಾಸ್ತರರಿಗೆ ಈ ಸಂಗತಿ ಹೊಸದು. “ನಮಗೆ ಇದನ್ನು ಯಾರೂ ಹೇಳಲಿಲ್ಲ” ಎಂದರು. ನಮ್ಮವರಲ್ಲಿಯೂ ಬಹು ಮಂದಿಗೆ ಯಾರೂ ಹೇಳಿಲ್ಲವೆಂದು ನಾವು ಒಪ್ಪಿಕೊಂಡೆವು.

ಮಧ್ಯಾಹ್ನ ಊಟವಾದ ಮೇಲೆ ಮಿಲಾಗ್ರಿಸ್ ದೇವಾಲಯಕ್ಕೆ ಹೋದೆವು. 1680ರಲ್ಲಿ ಸ್ಥಾಪಿತವಾದ ಈ ದೇವಾಲಯವು 1784ರಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ನೆಲಸಮವಾಯಿತು. ಸಾವಿರಾರು ಕಥೋಲಿಕರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟರು. 1799ರ ತರುವಾಯ ಬದುಕಿ ಉಳಿದವರು ಮರಳಿ ಬಂದು ಪುನಃ ಕಟ್ಟಿದರು. ನಾವು ಹೋದಾಗ ಒಳಗೆ ಪಾಪನಿವೇದನೆಯ ಪೀಠದ ಬಳಿ ಹಬ್ಬದ ಸಿದ್ಧತೆಗಾಗಿ ಬಂದ ಆರೆಂಟು ಮಂದಿ ಸಾಲಾಗಿ ನಿಂತಿದ್ದರು. ಅವರಲ್ಲಿ ಕೋಟು ತೊಟ್ಟವರೂ ಇದ್ದರು, ಮೀನಿನ ಬುಟ್ಟಿಯನ್ನು ಹೊರಗಿಟ್ಟು ಬಂದ ಹೆಂಗಸೂ ಇದ್ದಳು.

“ಮೂರನೆಯದು,” ಎಂದರು ಮಾಸ್ತರರು, “ಪಾಪವನ್ನು ಕ್ಷಮಿಸುವವನು ದೇವರೊಬ್ಬನೇ. ಮನುಷ್ಯನ ಕಿವಿಯಲ್ಲಿ ಹೇಳಿಕೊಳ್ಳುವುದೇಕೆ? ಹಣ ಕೊಟ್ಟರೆ ಪಾಪಕ್ಷಮೆ ಎಂಬ ವ್ಯಾಪಾರವೇ ಲೂಥರರನ್ನು ಎಬ್ಬಿಸಿದುದಲ್ಲವೆ?”

ಕ್ಷಮಿಸುವವನು ದೇವರೊಬ್ಬನೇ, ನಿಶ್ಚಯ. ಆದರೆ ಪುನರುತ್ಥಾನದ ದಿನ ಸಂಜೆ ಯೇಸುಸ್ವಾಮಿಯು ಶಿಷ್ಯರ ಮೇಲೆ ಉಸಿರೂದಿ, ಪಾಪಗಳನ್ನು ಕ್ಷಮಿಸುವ ಮತ್ತು ಕ್ಷಮಿಸದೆ ಉಳಿಸುವ ಅಧಿಕಾರವನ್ನು ಅವರಿಗೆ ಕೊಟ್ಟುದನ್ನು ಯೋಹಾನನು ಬರೆದಿದ್ದಾನೆ. ಗುರುವು ಅಲ್ಲಿ ಕುಳಿತಿರುವುದು ತನ್ನ ಹೆಸರಿನಲ್ಲಲ್ಲ. ಅಲ್ಲಿ ಶುಲ್ಕವಿಲ್ಲ. ಕೇಳಿದುದನ್ನು ಪ್ರಾಣ ಹೋದರೂ ಹೊರಗೆ ಹೇಳಕೂಡದು. ಪಶ್ಚಾತ್ತಾಪವಿಲ್ಲದೆ ಹೇಳಿಕೊಂಡರೆ ಫಲವೂ ಇಲ್ಲ. ಏಕಾಂತದ ಪಾಪನಿವೇದನೆಯನ್ನು ಉಳಿಸಿಕೊಳ್ಳಬೇಕೆಂದು 1530ರ ಔಗ್ಸ್‌ಬರ್ಗ್ ವಿಶ್ವಾಸಪ್ರಮಾಣದಲ್ಲಿ ಲೂಥರರ ಪಕ್ಷದವರೇ ಬರೆದಿರುವರು. ಜಗದ್ಗುರು ಪೋಪರೂ ಇನ್ನೊಬ್ಬ ಗುರುವಿನ ಮುಂದೆ ಮೊಣಕಾಲೂರಿ ತಮ್ಮ ಪಾಪವನ್ನು ಹೇಳಿಕೊಳ್ಳಲೇಬೇಕು.

ಹಣದ ಮಾತಾದರೆ, ಅದು ನಿಜವಾಗಿಯೂ ನಡೆದ ಅನ್ಯಾಯ. 1517ರಲ್ಲಿ ಲೂಥರರು ಎತ್ತಿದ ಕೂಗಿಗೆ ಕಾರಣವಿತ್ತು. ತ್ರೆಂತಿನ ಸಭೆಯು 1563ರಲ್ಲಿ ಆ ದುರ್ಲಾಭವನ್ನು ನಿಲ್ಲಿಸಬೇಕೆಂದು ವಿಧಿಸಿತು. 1567ರಲ್ಲಿ ಐದನೆಯ ಪಿಯುಸ್ ಪೋಪರು ಹಣದ ಸಂಬಂಧವುಳ್ಳ ಅಂತಹ ಅನುಗ್ರಹಪತ್ರಗಳನ್ನೆಲ್ಲ ರದ್ದುಮಾಡಿದರು. ಮಾರಾಟವು ಪಾಪ, ಬೋಧನೆಯು ಬೇರೆ. ನೆರೆಯವನ ಹುಲ್ಲಿನ ಬಣವೆಗೆ ಕಿಡಿ ತಗಲಿಸಿದ ಹುಡುಗನು ಅತ್ತು ಬೇಡಿಕೊಂಡರೆ ಕ್ಷಮೆ ದೊರೆಯುವುದು. ಆದರೆ ಬಣವೆಯನ್ನು ಒಟ್ಟಿಕೊಡುವ ಕೆಲಸ ಉಳಿದೇ ಇರುತ್ತದೆ. ಆ ಉಳಿದ ಕೆಲಸದಲ್ಲಿ ಮನೆಯವರೆಲ್ಲ ಕೈಹಚ್ಚುವಂತೆ ಸಭೆಯು ಕೈಹಚ್ಚುವುದೆಂಬುದು ಆ ಬೋಧನೆಯ ಅರ್ಥ.

ಮಾಸ್ತರರು ಇದಕ್ಕೆ ಉತ್ತರ ಕೊಡಲಿಲ್ಲ. ಸಾಲಿನ ಕೊನೆಯಲ್ಲಿದ್ದ ಆ ಹೆಂಗಸು ಎದ್ದು ಬಂದಾಗ ಅವಳ ಮುಖವನ್ನು ನೋಡಿದರು. ಆಮೇಲೆ ತಗ್ಗಿದ ಸ್ವರದಲ್ಲಿ, ಪಟ್ಟಿಯಲ್ಲಿ ನಾಲ್ಕನೆಯದಾದ ಶುದ್ಧೀಕರಣಸ್ಥಳದ ಪ್ರಶ್ನೆಯನ್ನು ಕೇಳಿದರು. ಕ್ರಿಸ್ತನ ರಕ್ತವು ಸಾಲದೆ, ಸತ್ತ ಮೇಲೂ ಶುದ್ಧಿಯೇಕೆ? ನಮ್ಮ ಮನೆಯವರು ಅದುವರೆಗೆ ಸುಮ್ಮನಿದ್ದವರು ಇದಕ್ಕೆ ತಾವೇ ಉತ್ತರ ಹೇಳಿದರು. “ಮಾಸ್ತರರೇ, ಅದು ಎರಡನೆಯ ಅವಕಾಶವಲ್ಲ. ರಕ್ಷಣೆ ಹೊಂದಿದವರಿಗೇ ಅದು. ಮಳೆಯಲ್ಲಿ ಕೆಸರು ತುಳಿದು ಬಂದ ಮಗನಿಗೆ ತಂದೆಯ ಮನೆ ಬಾಗಿಲು ತೆರೆದೇ ಇದೆ. ಆದರೂ ಅವನು ಕಾಲು ತೊಳೆದು ಒಳಗೆ ಬರುತ್ತಾನೆ. ತೊಳೆಯುವ ನೀರೂ ತಂದೆಯದೇ.” ಮೂವತ್ತು ವರ್ಷ ಧರ್ಮೋಪದೇಶ ಕೇಳಿದ ನಮಗೂ ಇಷ್ಟು ಸುಲಭವಾಗಿ ಹೇಳಲು ಬರುತ್ತಿರಲಿಲ್ಲ.

ಸಂಜೆಯಾಯಿತು. ಮಾಸ್ತರರು ಮೆಟ್ಟಿಲ ಮೇಲೆ ನಿಂತು ಸ್ವಲ್ಪ ಹೊತ್ತು ಯೋಚಿಸಿದರು. “ಐದನೆಯದು ಮರಿಯಳ ವಿಷಯ. ಅದನ್ನು ಅಲ್ಲಿಯೇ ಕೇಳೋಣ. ನಡೆಯಿರಿ” ಎಂದರು. ವಸತಿಗೃಹದಿಂದ ಪೆಟ್ಟಿಗೆಗಳನ್ನು ತರಿಸಿದೆವು.

ಬೀಗರ ಮನೆಯು ಹೆಂಚು ಹೊದಿಸಿದ ಹಳೆಯ ಮನೆ. ಅಂಗಳದಲ್ಲಿ ಮಳೆನೀರು ನಿಂತಿತ್ತು. ಗೇಟಿನ ಸದ್ದಿಗೆ ಮೊಮ್ಮಗನು ಓಡಿಬಂದು, ಅಜ್ಜನ ಕೆಸರುಗಾಲುಗಳನ್ನು ನೋಡಿ, ಹೇಳುವ ಮೊದಲೇ ತಂಬಿಗೆಯಲ್ಲಿ ನೀರು ತಂದನು. ಮಗಳು ಬಾಗಿಲಲ್ಲಿ ನಿಂತು, “ಅಪ್ಪಾ, ಬಂದಿರಾ” ಎಂದಳು. ಮುಂದೆ ಮಾತು ಹೊರಡಲಿಲ್ಲ. ಬೀಗಿತಿಯಾದ ಹಿರಿಯಮ್ಮನವರು ಕೊಂಕಣಿ ಬೆರೆತ ಕನ್ನಡದಲ್ಲಿ ಉಪಚರಿಸಿದರು.

ಕತ್ತಲಾಗುತ್ತಲೇ ಮನೆಯವರೆಲ್ಲ ದೇವರ ಪೀಠದ ಮುಂದೆ ಮೊಣಕಾಲೂರಿದರು. ಕೊಂಕಣಿಯಲ್ಲಿ ತೇರ್ಸ್ ಎಂದು ಕರೆಯುವ ಜಪಸರದ ಪ್ರಾರ್ಥನೆ ಅದು. ಮಾಸ್ತರರು ಹಿಂದೆ ಕುರ್ಚಿಯಲ್ಲಿ ಕೈಕಟ್ಟಿ ಕುಳಿತಿದ್ದರು. ಮುಗಿದ ಮೇಲೆ ಅಳಿಯನನ್ನು ಕರೆದು, ನಯವಾಗಿಯೇ, “ದೇವರಿಗೂ ಮನುಷ್ಯರಿಗೂ ಮಧ್ಯಸ್ಥನು ಕ್ರಿಸ್ತನೊಬ್ಬನೇ ಎಂದು ಪೌಲನು ತಿಮೊಥೆಯನಿಗೆ ಬರೆದಿದ್ದಾನೆ. ಹಾಗಿರುವಾಗ ಮರಿಯಳನ್ನು ಬೇಡುವುದೇಕೆ?” ಎಂದು ಕೇಳಿದರು.

ಅಳಿಯನು ಬಾಯ್ದೆರೆಯುವ ಮೊದಲೇ ಒಂದು ಸಂಗತಿ ನಡೆಯಿತು. ಮಂಗಳೂರಿನ ಕಥೋಲಿಕ ಮನೆಗಳಲ್ಲಿ ರಾತ್ರಿಯ ಪ್ರಾರ್ಥನೆಯಾದೊಡನೆ ಮಕ್ಕಳು ಹಿರಿಯರ ಬಳಿಗೆ ಹೋಗಿ ಕೈಜೋಡಿಸಿ ‘ಬೆಸಾಂವ್’, ಅಂದರೆ ಆಶೀರ್ವಾದ, ಬೇಡುವ ಪದ್ಧತಿಯುಂಟು. ಹುಡುಗನು ಅಜ್ಜಿಗೆ, ತಂದೆಗೆ, ತಾಯಿಗೆ ಕೈಜೋಡಿಸಿ ಬಂದವನು ಮಾಸ್ತರರ ಮುಂದೆ ನಿಂತು, “ಅಜ್ಜಾ, ಬೆಸಾಂವ್” ಎಂದನು. ಮಾಸ್ತರರ ಕೈಯು ತಾನಾಗಿಯೇ ಅವನ ತಲೆಯ ಮೇಲೆ ಹೋಯಿತು. “ದೇವರು ನಿನ್ನನ್ನು ಕಾಪಾಡಲಿ, ಮಗೂ” ಎಂದರು. “ನಾಳೆ ಪರೀಕ್ಷೆಯಿಲ್ಲ, ಆದರೂ ನನಗೋಸ್ಕರ ದಿನಾಲು ಪ್ರಾರ್ಥನೆ ಮಾಡುತ್ತೀಯಾ?” ಎಂದು ಹುಡುಗನು ಕೇಳಿದನು. “ಮಾಡದೆ ಇರುತ್ತೇನೆಯೆ?” ಎಂದರು ಅಜ್ಜ.

ಆಗ ಹಿರಿಯಮ್ಮನವರು ಮೆಲ್ಲನೆ ನುಡಿದರು: “ನಾವು ಮರಿಯಮ್ಮನವರಲ್ಲಿ ಕೇಳುವುದೂ ಅಷ್ಟೇ ಬೀಗರೇ. ನಮಗೋಸ್ಕರ ಪ್ರಾರ್ಥಿಸು ಎಂದು.”

ಈ ಮಾತಿಗೆ ನಾವು ಶಾಸ್ತ್ರದಿಂದ ಸೇರಿಸಬೇಕಾದುದು ಅತ್ಯಲ್ಪ. ಕ್ರಿಸ್ತನೊಬ್ಬನೇ ಮಧ್ಯಸ್ಥನೆಂದು ಬರೆದ ಪೌಲನು ಅದೇ ಅಧ್ಯಾಯದ ಆರಂಭದಲ್ಲಿ ಎಲ್ಲ ಮನುಷ್ಯರಿಗಾಗಿ ಪ್ರಾರ್ಥನೆ ವಿಜ್ಞಾಪನೆಗಳನ್ನು ಮಾಡಬೇಕೆಂದು ಬೋಧಿಸುತ್ತಾನೆ. ಒಬ್ಬರು ಇನ್ನೊಬ್ಬರಿಗಾಗಿ ಪ್ರಾರ್ಥಿಸುವುದರಿಂದ ಕ್ರಿಸ್ತನ ಸ್ಥಾನಕ್ಕೆ ಕೊರತೆಯಾಗುವುದಾದರೆ ಅಜ್ಜನು ಮೊಮ್ಮಗನಿಗಾಗಿ ಪ್ರಾರ್ಥಿಸಕೂಡದು. ಸತ್ತವರು ಕೇಳುವರೆ ಎಂದರೆ, ದೇವರು ಸತ್ತವರಿಗಲ್ಲ, ಜೀವಿಸುವವರಿಗೇ ದೇವರೆಂದು ಸ್ವಾಮಿಯೇ ಸದ್ದುಕಾಯರಿಗೆ ಉತ್ತರ ಕೊಟ್ಟಿದ್ದಾನೆ. ನಮೋ ಮರಿಯ ಪ್ರಾರ್ಥನೆಯ ಪೂರ್ವಾರ್ಧವು ದೇವದೂತನ ಮತ್ತು ಎಲಿಸಬೇತಳ ಮಾತುಗಳು. ಎರಡೂ ಲೂಕನ ಮೊದಲನೆಯ ಅಧ್ಯಾಯದಲ್ಲಿವೆ. ಆ ಅಧ್ಯಾಯದಲ್ಲಿ ಮರಿಯಮ್ಮನವರು ಹಾಡಿದ ಸ್ತೋತ್ರಕ್ಕೆ 1521ರಲ್ಲಿ ಭಕ್ತಿಯಿಂದ ವ್ಯಾಖ್ಯಾನ ಬರೆದವರು ಬೇರಾರೂ ಅಲ್ಲ, ಮಾರ್ಟಿನ್ ಲೂಥರರೇ. ಆರಾಧನೆಯು ದೇವರಿಗೊಬ್ಬನಿಗೆ. ತಾಯಿಗೆ ಸಲ್ಲುವುದು ತಾಯಿಯ ಗೌರವ.

ಮರುದಿನ ಬೆಳಿಗ್ಗೆ ಊರಿಗೆ ಊರೇ ಹೂವಾಗಿತ್ತು. ಹಬ್ಬಕ್ಕೆ ಮುಂಚಿನ ಒಂಬತ್ತು ದಿನಗಳಲ್ಲಿ ಮಕ್ಕಳು ಮನೆಯಂಗಳದ ಹೂಗಳನ್ನು ಬುಟ್ಟಿಯಲ್ಲಿ ತಂದು ಬಾಲೆಮರಿಯಮ್ಮನವರ ಸ್ವರೂಪದ ಮುಂದೆ ಅರ್ಪಿಸುವರು. ಕೊನೆಯ ದಿನದ ಸಂಭ್ರಮವನ್ನು ಕೇಳಬೇಕೆ? ದಾಸವಾಳ, ಗೊರಟೆ, ಕೇಪಳ, ಹೆಸರಿಲ್ಲದ ಕಾಡುಹೂ ಎಲ್ಲವೂ ಇದ್ದುವು. ಗುರುಗಳು ತೆನೆಗಳ ಹೊರೆಯನ್ನು ಆಶೀರ್ವದಿಸಿ, ಬಲಿಪೂಜೆಯಾದ ಮೇಲೆ ಒಂದೊಂದು ಮನೆಗೂ ಹಂಚಿದರು. ಮಕ್ಕಳ ಕೈಗೆ ಕಬ್ಬು ಬಂದಿತು. ಮಾಸ್ತರರು ಕೊನೆಯ ಬೆಂಚಿನಲ್ಲಿ ಕುಳಿತಿದ್ದರು. ಪರಮಪ್ರಸಾದದ ವೇಳೆಗೆ ಮಗಳೂ ಅಳಿಯನೂ ಹುಡುಗನೂ ಮುಂದೆ ಹೋದರು, ಅವರು ಹೋಗಲಿಲ್ಲ. ಹೋಗುವಂತೆಯೂ ಇಲ್ಲ. ಒಂದೇ ವಿಶ್ವಾಸದಲ್ಲಿ ಪೂರ್ಣವಾಗಿ ಕೂಡದವರು ಒಂದೇ ಪೀಠದಿಂದ ಸ್ವೀಕರಿಸುವುದು ಸಾಮಾನ್ಯವಾಗಿ ಸಲ್ಲದೆಂಬುದು ನಮ್ಮ ಸಭೆಯ ನಿಯಮ. ತಪ್ಪು ತಿಳುವಳಿಕೆಗಳೆಲ್ಲ ಕಳೆದ ಮೇಲೂ ಉಳಿಯುವ ನಿಜವಾದ ಭೇದವೆಂದರೆ ಇದು. ಪೋಪರ ಅಧಿಕಾರದ ವಿಷಯವೂ ಅಂತಹುದೇ. ಪೋಪರು ಪಾಪವನ್ನೇ ಮಾಡಲಾರರೆಂದು ಯಾವ ಕಥೋಲಿಕನೂ ನಂಬುವುದಿಲ್ಲ. ವಿಶ್ವಾಸನೀತಿಗಳ ವಿಷಯದಲ್ಲಿ ಇಡೀ ಸಭೆಗೆ ಕಟ್ಟುನಿಟ್ಟಾಗಿ ಬೋಧಿಸುವಾಗ ಮಾತ್ರ ದೇವರು ಅವರನ್ನು ತಪ್ಪಿನಿಂದ ಕಾಯುವನೆಂದು 1870ರ ಮಹಾಸಭೆ ಹೇಳಿತು. ಆಮೇಲೆ ಅಂತಹ ಘೋಷಣೆಯಾದುದು 1950ರಲ್ಲಿ ಒಮ್ಮೆ. ಹಾಗೆ ತಿಳಿದ ಮೇಲೂ ಮಾಸ್ತರರು ಒಪ್ಪಲಿಲ್ಲ. ಒಪ್ಪಬೇಕೆಂದು ನಾವು ಒತ್ತಾಯಿಸಲಿಲ್ಲ.

ಆದರೆ ಒಂದು ಪ್ರಶ್ನೆಯನ್ನು, ಪಟ್ಟಿಯಲ್ಲಿಲ್ಲದುದನ್ನು, ಅವರು ಹೊರಗೆ ಬಂದಾಗ ಕೇಳಿದರು: “ನನ್ನ ಮಗಳಿಗೆ ಇವರು ಮತ್ತೊಮ್ಮೆ ಸ್ನಾನದೀಕ್ಷೆ ಕೊಟ್ಟರೆ?” ಇಲ್ಲವೆಂದೆವು. ತಂದೆ ಮಗ ಪವಿತ್ರಾತ್ಮರ ಹೆಸರಿನಲ್ಲಿ ನೀರಿನಿಂದ ಕೊಟ್ಟ ದೀಕ್ಷೆಯನ್ನು ಕಥೋಲಿಕ ಸಭೆಯು ಸಿಂಧುವೆಂದೇ ಎಣಿಸುವುದು, ಪುನಃ ಕೊಡಕೂಡದು. ಶಿಶುವಾಗಿದ್ದಾಗ ಮಾಸ್ತರರು ಎತ್ತಿಕೊಂಡು ಹೋಗಿ ಮಾಡಿಸಿದ ದೀಕ್ಷೆಯೇ ಇಂದಿಗೂ 그ವಳ ದೀಕ್ಷೆ. ಇದನ್ನು ಕೇಳಿ ಅವರು ಬಹಳ ಹೊತ್ತು ಮಾತಾಡಲಿಲ್ಲ. ಹನ್ನೊಂದು ವರ್ಷ ಅವರನ್ನು ಕೊರೆದ ಪ್ರಶ್ನೆ ಇದೊಂದೇ ಆಗಿದ್ದಿತೆಂದೂ, ಉಳಿದ ಐದೂ ಇದರ ಕಾವಲುಗಾರರೆಂದೂ ನಮಗೆ ಆಗ ಹೊಳೆಯಿತು.

ಮಧ್ಯಾಹ್ನ ಬಾಳೆಯೆಲೆಯ ಮೇಲೆ ಹೊಸತಿನ ಊಟ. ಆ ದಿನ ಮೀನುಮಾಂಸಗಳಿಲ್ಲ, ತರಕಾರಿಯ ಬಗೆಗಳೇ. ಆಶೀರ್ವದಿಸಿದ ತೆನೆಯ ಕಾಳುಗಳನ್ನು ಸುಲಿದು ಪುಡಿಮಾಡಿ ಹಾಲಿನಲ್ಲಿ ಬೆರೆಸಿ ಮೊದಲು ಎಲ್ಲರಿಗೂ ಹಂಚುವರು. ಹಂಚುವವರು ಮನೆಯ ಹಿರಿಯರು. ಹಿರಿಯಮ್ಮನವರು ಬಟ್ಟಲನ್ನು ತೆಗೆದುಕೊಂಡು ಬಂದು ಮಾಸ್ತರರ ಮುಂದಿಟ್ಟು, “ನಮ್ಮ ಮನೆಯಲ್ಲಿ ಈಗ ಹಿರಿಯ ಗಂಡಸರೆಂದರೆ ನೀವೇ. ಪ್ರಾರ್ಥನೆ ಮಾಡಿ ಹಂಚಬೇಕು” ಎಂದರು. ಮಗಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

ಮಾಸ್ತರರು ಎದ್ದು ನಿಂತರು. ಪ್ರಥಮ ಫಲವನ್ನು ದೇವರಿಗೆ ಅರ್ಪಿಸಬೇಕೆಂಬ ಯಾಜಕಕಾಂಡದ ವಿಧಿಯನ್ನು ನೆನೆದು, ತಮ್ಮ ಸಭೆಯಲ್ಲಿ ಬೆಳೆಯ ಕೃತಜ್ಞತಾ ಹಬ್ಬಕ್ಕೆ ಮಾಡುವ ರೀತಿಯಲ್ಲಿಯೇ, ಮಳೆಗಾಗಿ, ನೆಲಕ್ಕಾಗಿ, ಈ ಮನೆಗಾಗಿ ದೇವರನ್ನು ಸ್ತುತಿಸಿದರು. ಆಮೇಲೆ ಚಮಚದಿಂದ ಒಬ್ಬೊಬ್ಬರ ಎಲೆಗೂ ಬಡಿಸಿದರು. ಕೊನೆಗೆ ತಾವೂ ಸ್ವೀಕರಿಸಿದರು. ಗಂಟಲಲ್ಲಿ ಇಳಿಯಿತು.

ಮರಳಿ ಬರುವಾಗ ಘಟ್ಟದ ಮೇಲೆ ಬಸ್ಸು ಮಂಜಿನಲ್ಲಿ ಮೆಲ್ಲಗೆ ಏರುತ್ತಿತ್ತು. ಮಾಸ್ತರರು ಇಂದಿಗೂ ಬಲ್ಮಠದ ಬಿಳಿಯ ಗೋಡೆಯನ್ನೇ ಮೆಚ್ಚುವವರು, ನಾವು ಬಾವುಟಗುಡ್ಡೆಯ ಬಣ್ಣಗಳನ್ನೇ ಮೆಚ್ಚುವವರು. ಪುಸ್ತಕದ ಐದು ಪ್ರಶ್ನೆಗಳಲ್ಲಿ ಮೂರನ್ನು ಅವರು ಹೊಡೆದುಹಾಕಿದ್ದರು, ಎರಡನ್ನು ಹಾಗೆಯೇ ಇಟ್ಟುಕೊಂಡಿದ್ದರು. ಯಾವ ಎರಡೆಂದು ನಾವು ಕೇಳಲಿಲ್ಲ. ಪರರ ಮನೆಯ ನಂಬಿಕೆಯನ್ನು ಬೀದಿಯಿಂದ ಓದಿಕೊಳ್ಳುವುದಕ್ಕಿಂತ ಒಳಗೆ ಹೋಗಿ ಮನೆಯವರನ್ನೇ ಕೇಳುವುದು ಲೇಸು. ಕೇಳಿದ ಮೇಲೆ ಭೇದ ಉಳಿದರೆ ಉಳಿಯಲಿ. ಅದು ಇರುವಷ್ಟೇ ದೊಡ್ಡದಾಗಿ ಉಳಿಯುವುದು, ಅದಕ್ಕಿಂತ ದೊಡ್ಡದಾಗಿ ಅಲ್ಲ. ಮೊಮ್ಮಗನು ಕಟ್ಟಿಕೊಟ್ಟ ಒಂದು ತೆನೆಯು ಮಾಸ್ತರರ ಸತ್ಯವೇದದ ಹಾಳೆಗಳ ನಡುವೆ ಈಗಲೂ ಇರುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ.